ರಿಲ್ಯಾಕ್ಸರ್ ಬಿಟ್ಟ ಮೇಲೆ ಗುಂಗುರು ಕೂದಲನ್ನು ಮೆತ್ತಗೆ ಇಟ್ಟುಕೊಳ್ಳುವುದು ಹೇಗೆ?

ರಿಲ್ಯಾಕ್ಸರ್, ಅಂದರೆ ಗುಂಗುರು ಕೂದಲನ್ನು ನೇರ ಮಾಡುವ ರಾಸಾಯನಿಕ, ಹಾಕಿಸುವುದನ್ನು ನಿಲ್ಲಿಸಿ ಆರು ತಿಂಗಳಾದವರ ತಲೆಯಿಂದ ಉದುರಿದ ಒಂದು ಕೂದಲನ್ನು ಬಿಳಿ ಹಾಳೆಯ ಮೇಲೆ ಇಟ್ಟು ನೋಡಿ. ಬುಡದ ಕಡೆಯ ಐದಾರು ಸೆಂಟಿಮೀಟರ್ ಸುರುಳಿ ಸುರುಳಿಯಾಗಿರುತ್ತದೆ. ಅಲ್ಲಿಂದ ತುದಿಯವರೆಗೆ ನೇರ, ಸಪೂರ. ಎರಡೂ ಕಡೆ ಹಿಡಿದು ಮೆಲ್ಲಗೆ ಎಳೆದರೆ ಹೆಚ್ಚಾಗಿ ತುಂಡಾಗುವುದು ಈ ಎರಡು ಭಾಗ ಸೇರುವ ಜಾಗದಲ್ಲೇ. ಎಳೆ ಒಂದೇ, ಆದರೆ ಅದರಲ್ಲಿ ಎರಡು ಥರದ ಕೂದಲಿದೆ. ಹೊಸದಾಗಿ ನ್ಯಾಚುರಲ್ ಆದವರ, ಅಂದರೆ ಸಹಜ ಕೂದಲಿಗೆ ಮರಳಿದವರ ಪೇಚಾಟ ಶುರುವಾಗುವುದೇ ಇಲ್ಲಿಂದ.

ಕೆಲವರು ನೇರ ಭಾಗವನ್ನೆಲ್ಲ ಒಂದೇ ಸಲಕ್ಕೆ ಕತ್ತರಿಸಿ ಹಾಕುತ್ತಾರೆ. ಅದಕ್ಕೆ ಬಿಗ್ ಚಾಪ್ ಅಂತಾರೆ. ಉದ್ದ ಕಳೆದುಕೊಳ್ಳಲು ಮನಸ್ಸಿಲ್ಲದವರು ಆಗಾಗ ತುದಿ ಕತ್ತರಿಸುತ್ತಾ ಒಂದೆರಡು ವರ್ಷ ಎಳೆಯುತ್ತಾರೆ. ಕೂದಲು ತಿಂಗಳಿಗೆ ಬೆಳೆಯುವುದು ಹೆಚ್ಚುಕಡಿಮೆ 1 ಸೆಂಟಿಮೀಟರ್, ಹಾಗಾಗಿ ಅಷ್ಟು ಸಮಯ ಬೇಕೇ ಬೇಕು. ದಾರಿ ಯಾವುದಾದರೂ ಇರಲಿ, ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಇದು ಯಾಕೆ ಇಷ್ಟು ಒಣಗುತ್ತೆ, ಏನು ಹಚ್ಚಿದರೆ ಸರಿಹೋಗುತ್ತೆ?

ಈ ಮಾತು ಹೆಚ್ಚಾಗಿ ಕೇಳಿಬರುವುದು ಆಫ್ರಿಕನ್ ಮೂಲದ ಹೆಂಗಸರಲ್ಲಿ. ರಿಲ್ಯಾಕ್ಸರ್ ಹೆಚ್ಚು ಬಳಕೆಯಾಗಿದ್ದೂ ಅವರಲ್ಲೇ, ಅದನ್ನು ಬಿಡುವ ಚಳವಳಿ ಹುಟ್ಟಿದ್ದೂ ಅವರಲ್ಲೇ. 1960ರ ದಶಕದಲ್ಲಿ ಆಫ್ರೋ, ಅಂದರೆ ಗುಂಗುರು ಕೂದಲನ್ನು ಸಹಜವಾಗಿ ದುಂಡಗೆ ಬೆಳೆಸಿಕೊಂಡು ಓಡಾಡುವುದೇ ಒಂದು ರಾಜಕೀಯ ಹೇಳಿಕೆಯಾಗಿತ್ತು. 2000ದ ನಂತರ ಅದೇ ಅಲೆ ಮತ್ತೊಮ್ಮೆ ಎದ್ದಿತು. ಕೂದಲಿನ ಸಹಜ ರೂಪ ನೋಡಿ ಕೆಲಸದಲ್ಲೋ ಶಾಲೆಯಲ್ಲೋ ತಾರತಮ್ಯ ಮಾಡಬಾರದು ಅನ್ನುವ ಕಾನೂನು ಕ್ಯಾಲಿಫೋರ್ನಿಯಾದಲ್ಲಿ ಬಂದಿದ್ದು 2019ರಲ್ಲಿ. ಅಲ್ಲಿಯವರೆಗೆ ಎಷ್ಟೋ ಜನ ಕೂದಲು ನೇರ ಮಾಡಿಸಿದ್ದು ಇಷ್ಟಪಟ್ಟಲ್ಲ, ಬೇರೆ ದಾರಿ ಇಲ್ಲದೆ. ಹೀಗಾಗಿ ದೊಡ್ಡವರಾದ ಮೇಲೆ ಮೊದಲ ಸಲ ತಮ್ಮದೇ ಕೂದಲನ್ನು ನೋಡುತ್ತಿರುವವರು ಇದ್ದಾರೆ. ಅದನ್ನು ಹೇಗೆ ತೊಳೆಯಬೇಕು, ಹೇಗೆ ಬಾಚಬೇಕು ಅನ್ನುವುದು ಅವರಿಗೆ ಗೊತ್ತಿಲ್ಲದಿದ್ದರೆ ಅದರಲ್ಲಿ ಆಶ್ಚರ್ಯ ಏನಿದೆ?

ಒಣಗುವುದು ಯಾಕೆ

ಕೂದಲಿನ ಹೊರಪದರ ಹೆಂಚು ಹೊದಿಸಿದ ಹಾಗಿರುತ್ತದೆ. ಸಣ್ಣ ಸಣ್ಣ ಬಿಲ್ಲೆಗಳು ಬುಡದಿಂದ ತುದಿಯ ಕಡೆಗೆ ಒಂದರ ಮೇಲೊಂದು ಕೂತಿರುತ್ತವೆ. ಇದು ಕ್ಯೂಟಿಕಲ್. ಅದರ ಮೇಲೆ ತೀರಾ ತೆಳುವಾದ ಒಂದು ಕೊಬ್ಬಿನ ಲೇಪ, ಹುಟ್ಟಿನಿಂದಲೇ ಅಂಟಿಕೊಂಡು ಬಂದದ್ದು. ಅದರ ಮುಖ್ಯ ವಸ್ತುವಿನ ಹೆಸರು 18-ಮೀಥೈಲ್ ಐಕೋಸನೋಯಿಕ್ ಆಮ್ಲ. ಹೆಸರು ಮರೆತರೂ ಪರವಾಗಿಲ್ಲ, ಕೆಲಸ ನೆನಪಿಟ್ಟುಕೊಳ್ಳಿ. ಎಳೆಗೆ ಎಳೆ ಉಜ್ಜಿದಾಗ ಜಾರುವ ಹಾಗೆ ಮಾಡುವುದು ಅದೇ, ನೀರು ಸುಮ್ಮನೆ ಒಳಗೆ ನುಗ್ಗದಂತೆ ತಡೆಯುವುದೂ ಅದೇ.

ರಿಲ್ಯಾಕ್ಸರಿನ ಕ್ಷಾರ ಬಲು ಜೋರು, ಅದರ ಪಿಎಚ್ 12ರ ಮೇಲೆ. ಸೋಡಿಯಂ ಹೈಡ್ರಾಕ್ಸೈಡ್ (ಲೈ) ಇರುವುದಾಗಲಿ, 'ನೋ ಲೈ' ಅಂತ ಬರುವ ಕ್ಯಾಲ್ಸಿಯಂ ಹೈಡ್ರಾಕ್ಸೈಡಿನದ್ದಾಗಲಿ, ಮಾಡುವುದು ಒಂದೇ ಕೆಲಸ. ಕೂದಲನ್ನು ಉಬ್ಬಿಸಿ, ಒಳಗಿನ ಗಂಧಕದ ಬಂಧಗಳನ್ನು ಮುರಿದು, ಬೇರೆ ಥರ ಜೋಡಿಸಿಬಿಡುತ್ತದೆ. ಆ ಭಾಗ ಮತ್ತೆ ಗುಂಗುರಾಗುವುದಿಲ್ಲ. ಮೇಲಿನ ಕೊಬ್ಬಿನ ಲೇಪವೂ ಬಹುಪಾಲು ಹೋಗಿರುತ್ತದೆ. ನೇರವಾಗಿಯೇ ಉಳಿದ ತುದಿಗಳು ಬೇಗ ನೆನೆದು, ಬೇಗ ಒಣಗಿ, ಒಂದಕ್ಕೊಂದು ಅಂಟಿ ಸಿಕ್ಕಾಗುವುದು ಇದಕ್ಕೇ.

ಹಾಗಾದರೆ ಹೊಸದಾಗಿ ಬಂದ ಗುಂಗುರು ಭಾಗಕ್ಕೆ ಏನಾಗಿದೆ? ಅದಕ್ಕೆ ಯಾರೂ ಕ್ಷಾರ ಮುಟ್ಟಿಸಿಲ್ಲ. ಆದರೂ ಅದು ಒಣಗಿದಂತೆ ಕಾಣುತ್ತದೆ. ಇದಕ್ಕೆ ಕಾರಣ ಆಕಾರ. ನೆತ್ತಿಯಲ್ಲಿ ಹುಟ್ಟುವ ಜಿಡ್ಡು ನೇರ ಕೂದಲಿನಲ್ಲಿ ತುದಿಯವರೆಗೆ ಸಲೀಸಾಗಿ ಇಳಿಯುತ್ತದೆ. ಸುರುಳಿಯಲ್ಲಿ ತಿರುವು ತಿರುವಿಗೂ ತಡೆ. ನೆತ್ತಿಯಲ್ಲಿ ಜಿಡ್ಡೋ ಜಿಡ್ಡು, ನಾಲ್ಕು ಬೆರಳು ಕೆಳಗೆ ಬರಡು. ಇನ್ನೊಂದು, ತೀರಾ ಬಿಗಿಯಾದ ಸುರುಳಿಯ ಎಳೆ ದುಂಡಗಿರುವುದಿಲ್ಲ, ಪಟ್ಟಿಯಂತೆ ಚಪ್ಪಟೆ. ಎಲ್ಲಿ ತಿರುಗುತ್ತದೋ ಅಲ್ಲಿ ಆ ಬಿಲ್ಲೆಗಳು ಸ್ವಲ್ಪ ಎದ್ದಿರುತ್ತವೆ, ಸವೆಯುವುದೂ ಮುರಿಯುವುದೂ ಅಲ್ಲೇ ಮೊದಲು.

ತೇವ ಅಂದರೆ ಎಣ್ಣೆ ಅಲ್ಲ

ಎಡವುವುದು ಹೆಚ್ಚಾಗಿ ಇಲ್ಲಿ. ಕೂದಲು ಒಣಗಿದೆ ಅಂದ ಕೂಡಲೇ ಕೈ ಎಣ್ಣೆ ಬಾಟಲಿಗೆ ಹೋಗುತ್ತದೆ, ಅಲ್ವಾ? ಒಣ ಕೂದಲಿಗೆ ಎಣ್ಣೆ ಸುರಿದರೆ ಹೊಳಪು ಬರುತ್ತದೆ, ಒಂದೆರಡು ಗಂಟೆ ಚೆನ್ನಾಗಿ ಕಾಣುತ್ತದೆ. ಸಂಜೆಗೆ ಮುಟ್ಟಿದರೆ ಮೇಲೆ ಜಿಡ್ಡು, ಒಳಗೆ ಅದೇ ಒರಟು. ಎಣ್ಣೆಯಲ್ಲಿ ನೀರಿಲ್ಲ. ಇರುವ ನೀರನ್ನು ಬೇಗ ಹೋಗದಂತೆ ತಡೆಯಬಲ್ಲದು, ಇಲ್ಲದ್ದನ್ನು ತರಲಾರದು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳಬೇಕು. ಕೂದಲು ಜೀವವಿಲ್ಲದ ವಸ್ತು. ಅದು ಕುಡಿಯುವುದಿಲ್ಲ, ಉಣ್ಣುವುದಿಲ್ಲ. ಅದರಲ್ಲಿ ಎಷ್ಟು ನೀರಿರಬೇಕು ಅನ್ನುವುದನ್ನು ಕೊನೆಗೆ ತೀರ್ಮಾನಿಸುವುದು ಸುತ್ತಲಿನ ಗಾಳಿ. ಗಾಳಿಯ ತೇವ ನೂರಕ್ಕೆ 65ರಷ್ಟಿದ್ದಾಗ ಕೂದಲು ತನ್ನ ತೂಕದ ನೂರಕ್ಕೆ ಸುಮಾರು 15 ಭಾಗ ನೀರು ಹಿಡಿದಿರುತ್ತದೆ. ಪೂರ್ತಿ ನೆನೆದಾಗ ಅದು 30ರ ಆಸುಪಾಸು. ಬೆಳಗ್ಗೆ ಎಷ್ಟೇ ನೀರು ಚಿಮುಕಿಸಿದರೂ ಕೂದಲು ಕೊನೆಗೆ ಗಾಳಿಯ ಲೆಕ್ಕಕ್ಕೇ ಬರುತ್ತದೆ. ಮೇಲೆ ಏನಾದರೂ ಲೇಪ ಇದ್ದರೆ ನಿಧಾನವಾಗಿ ಬರುತ್ತದೆ, ಅಷ್ಟೇ.

ಹಾಗಿದ್ದರೆ ನೀರು ಯಾಕೆ ಬೇಕು? ಒದ್ದೆಯಾದಾಗ ಕೂದಲಿನೊಳಗಿನ ಹೈಡ್ರೋಜನ್ ಬಂಧಗಳು ಸಡಿಲವಾಗಿ ಎಳೆ ಬಾಗುತ್ತದೆ, ಸುರುಳಿ ತನ್ನ ಜಾಗಕ್ಕೆ ಮರಳುತ್ತದೆ. ಒದ್ದೆ ಕೂದಲಿನ ಮೇಲೆ ಕಂಡೀಷನರ್ ಸಮನಾಗಿ ಹರಡುತ್ತದೆ. ಒಣಗಿದ ಮೇಲೆ ಉಳಿಯುವುದು ಆ ಕಂಡೀಷನರಿನ ತೆಳು ಪದರ. ನಾವು ಕೈಯಲ್ಲಿ ಮುಟ್ಟಿ 'ಮೆತ್ತಗಿದೆ' ಅನ್ನುವುದು ಬಹುಪಾಲು ಆ ಪದರವನ್ನೇ. ಇಷ್ಟು ಅರ್ಥವಾದರೆ ಸಾಲುಗಟ್ಟಲೆ ಬಾಟಲಿಗಳಲ್ಲಿ ಯಾವುದು ಬೇಕು, ಯಾವುದು ಬೇಡ ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ತಲೆ ತೊಳೆಯುವ ದಿನ

ವಾರದ ಆರೈಕೆಯಲ್ಲಿ ಮುಕ್ಕಾಲು ಪಾಲು ಮುಗಿಯುವುದು ಈ ದಿನವೇ. ಆಫ್ರಿಕನ್ ಮೂಲದವರ ಕೂದಲನ್ನು ವಾರಕ್ಕೊಮ್ಮೆ ಅಥವಾ ಎರಡು ವಾರಕ್ಕೊಮ್ಮೆ ತೊಳೆದರೆ ಸಾಕು ಅನ್ನುತ್ತದೆ ಚರ್ಮವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಡರ್ಮಟಾಲಜಿ. ಬೆವರು, ವ್ಯಾಯಾಮ ಜಾಸ್ತಿ ಇದ್ದವರು ಇನ್ನಷ್ಟು ಸಲ ತೊಳೆದರೆ ತಪ್ಪಿಲ್ಲ. ಶಾಂಪೂನೇ ಮುಟ್ಟಬಾರದು ಅನ್ನುವವರೂ ಇದ್ದಾರೆ. ಬರೀ ಕಂಡೀಷನರಿನಲ್ಲಿ ತೊಳೆಯುವುದಕ್ಕೆ ಕೋ-ವಾಷ್ ಅಂತ ಹೆಸರು. ಮಧ್ಯೆ ಒಮ್ಮೊಮ್ಮೆ ಅದು ಸರಿ. ಅದೊಂದನ್ನೇ ನಂಬಿದರೆ ನೆತ್ತಿಯ ಮೇಲೆ ಜಿಡ್ಡು, ಸತ್ತ ಚರ್ಮ, ಹಳೆ ಕ್ರೀಮು ಎಲ್ಲ ಸೇರಿ ಕೂರುತ್ತವೆ. ಆ ಪದರದ ಮೇಲೆ ಯಾವ ಮಾಯಿಶ್ಚರೈಸರ್ ಹಚ್ಚಿದರೂ ವ್ಯರ್ಥ.

ಕೂದಲನ್ನು ನಾಲ್ಕು ಭಾಗ ಮಾಡಿ, ಒಂದೊಂದನ್ನೂ ಸಡಿಲವಾಗಿ ತಿರುಚಿ ಕ್ಲಿಪ್ ಹಾಕಿಕೊಳ್ಳಿ. ಶಾಂಪೂ ನೆತ್ತಿಗೆ ಮಾತ್ರ, ಉಗುರಿನಲ್ಲಿ ಅಲ್ಲ, ಬೆರಳ ತುದಿಯಲ್ಲಿ. ನೊರೆ ಕೆಳಗೆ ಇಳಿಯುವಾಗ ಉದ್ದದ ಭಾಗ ತಾನಾಗಿ ಶುದ್ಧವಾಗುತ್ತದೆ. ಎಲ್ಲವನ್ನೂ ತಲೆಯ ಮೇಲೆ ಗುಡ್ಡೆ ಹಾಕಿ ಉಜ್ಜಿದರೆ ಮುಂದಿನ ಒಂದು ಗಂಟೆ ಸಿಕ್ಕು ಬಿಡಿಸುವುದರಲ್ಲೇ ಹೋಗುತ್ತದೆ.

ಆಮೇಲೆ ಕಂಡೀಷನರ್. ಇದನ್ನು ಅವಸರದಲ್ಲಿ ಮುಗಿಸಬೇಡಿ. ಕಂಡೀಷನರಿನಲ್ಲಿ ಕೆಲಸ ಮಾಡುವ ವಸ್ತುಗಳಿಗೆ, ಅಂದರೆ ಬೆಹೆಂಟ್ರಿಮೋನಿಯಂ, ಸೆಟ್ರಿಮೋನಿಯಂ ಅಂತ ಶುರುವಾಗುವ ಹೆಸರುಗಳಿಗೆ, ಧನ ವಿದ್ಯುದಂಶ ಇರುತ್ತದೆ. ಹಾನಿಯಾದ ಕೂದಲಿನ ಮೇಲೆ ಋಣ ವಿದ್ಯುದಂಶ ಜಾಸ್ತಿ. ಹಾಗಾಗಿ ಎಲ್ಲಿ ಹೆಚ್ಚು ಹಾಳಾಗಿದೆಯೋ ಅಲ್ಲೇ ಹೆಚ್ಚು ಹೋಗಿ ಕೂರುತ್ತದೆ, ಯಾರೂ ಹೇಳಿಕೊಡಬೇಕಿಲ್ಲ. ನನಗೆ ಈ ರಸಾಯನಶಾಸ್ತ್ರದಲ್ಲಿ ಬಹಳ ಇಷ್ಟವಾದದ್ದು ಇದೊಂದು ಸಂಗತಿ.

ಒಂದು ಭಾಗ ಬಿಚ್ಚಿ, ನೀರು ತೊಟ್ಟಿಕ್ಕುತ್ತಿರುವಾಗಲೇ ಧಾರಾಳವಾಗಿ ಹಚ್ಚಿ. ಅಂಗೈಯಲ್ಲಿ ಹಿಡಿದು ಹಿಂಡಿ ಬಿಡಿ, ಹಿಂಡಿ ಬಿಡಿ. ಮೊದಲು ಕೂದಲು ಕೈಯಲ್ಲಿ ತಡೆಯುತ್ತದೆ, ಮುದ್ದೆಯಾಗಿ ಬರುತ್ತದೆ. ನೀರು ಕಮ್ಮಿ ಅನ್ನಿಸಿದರೆ ಇನ್ನೊಂದು ಬೊಗಸೆ ಸೇರಿಸಿ, ಕಂಡೀಷನರನ್ನಲ್ಲ. ಸ್ವಲ್ಪ ಹೊತ್ತಿಗೆ ಪಚಪಚ ಸದ್ದು ಬರುತ್ತದೆ, ಎಳೆಗಳು ಗುಂಪು ಗುಂಪಾಗಿ ಕೂಡಿಕೊಂಡು ಬೆರಳ ಮಧ್ಯೆ ಜಾರತೊಡಗುತ್ತವೆ. ಸಿಕ್ಕು ಬಿಡಿಸಲು ಸರಿಯಾದ ಸಮಯ ಅದೇ. ಮೊದಲು ಬೆರಳು, ಆಮೇಲೆ ಅಗಲ ಹಲ್ಲಿನ ಬಾಚಣಿಗೆ. ತುದಿಯಿಂದ ಶುರುಮಾಡಿ ಮೇಲೆ ಮೇಲೆ ಹೋಗಬೇಕು. ಎರಡು ಥರದ ಕೂದಲು ಸೇರುವ ಗೆರೆ ಬಂದಾಗ ಅದರ ಮೇಲ್ಭಾಗವನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಳ್ಳಿ, ಎಳೆತ ಆ ಗೆರೆಯ ಮೇಲೆ ಬೀಳಬಾರದು. ಬಿಗಿ ಸುರುಳಿಯ ಕೂದಲನ್ನು ಒಣಗಿದ್ದಾಗ ಬಾಚಿದರೆ ಮುರಿಯುವುದು ಖಚಿತ. ನೇರ ಕೂದಲಿನವರು ಹೇಳುವ 'ಒದ್ದೆ ಕೂದಲು ಬಾಚಬೇಡಿ' ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಕಂಡೀಷನರನ್ನು ರಾತ್ರಿಯಿಡೀ ಬಿಟ್ಟರೆ ಹೆಚ್ಚು ಲಾಭ ಅನ್ನುವುದು ಬರೀ ಆಸೆ. ಕೆಲವು ನಿಮಿಷಗಳಲ್ಲಿ ಅಂಟಬೇಕಾದದ್ದು ಅಂಟಿಯಾಗಿರುತ್ತದೆ.

ಮೂರು ಪದರ, ಅದೂ ಎಲ್ಲರಿಗೂ ಬೇಕಿಲ್ಲ

ತೊಳೆದ ಮೇಲೆ ಟವೆಲಿನಲ್ಲಿ ಉಜ್ಜಬೇಡಿ. ಹಳೆ ಟೀ ಶರ್ಟಿನಲ್ಲಿ ಒತ್ತಿ ನೀರು ಇಳಿಸಿ. ಕೂದಲು ಇನ್ನೂ ಒದ್ದೆಯಿರುವಾಗಲೇ ಲೀವ್-ಇನ್ ಕಂಡೀಷನರ್, ಅಂದರೆ ತೊಳೆಯದೆ ಬಿಡುವಂಥದ್ದು. ಅದರ ಮೇಲೆ ಎಣ್ಣೆ, ಅದರ ಮೇಲೆ ಕ್ರೀಮು ಹಚ್ಚುವುದಕ್ಕೆ ಎಲ್‌ಓಸಿ (ಲಿಕ್ವಿಡ್, ಆಯಿಲ್, ಕ್ರೀಮ್) ಅಂತಾರೆ. ಕ್ರೀಮು ಮೊದಲು, ಎಣ್ಣೆ ಕೊನೆಗೆ ಆದರೆ ಎಲ್‌ಸಿಓ. ಯಾವುದು ಶ್ರೇಷ್ಠ ಅಂತ ಜಗಳವೇ ನಡೆಯುತ್ತದೆ. ನನ್ನ ಪ್ರಕಾರ ಮೊದಲ ತಿಂಗಳು ಇವೆರಡನ್ನೂ ಬದಿಗಿಟ್ಟು, ಒದ್ದೆ ಕೂದಲಿಗೆ ಒಂದು ಲೀವ್-ಇನ್, ತುದಿಗಳಿಗೆ ಎರಡು ಹನಿ ಎಣ್ಣೆ, ಇಷ್ಟರಲ್ಲೇ ಇರಬೇಕು. ಮೂರನೇ ದಿನಕ್ಕೂ ಮೆತ್ತಗಿದ್ದರೆ ಕ್ರೀಮು ಬೇಕೇ ಇಲ್ಲ. ಮಾರನೇ ದಿನವೇ ಒರಟಾದರೆ ಆಗ ಸೇರಿಸಿ. ಒಂದೇ ಸಲ ಐದು ವಸ್ತು ಶುರುಮಾಡಿದರೆ ಯಾವುದು ಕೆಲಸ ಮಾಡಿತು, ಯಾವುದು ಕೆಡಿಸಿತು ಅನ್ನುವುದು ಗೊತ್ತಾಗುವ ದಾರಿಯೇ ಇಲ್ಲ.

ಎಣ್ಣೆಗಳಲ್ಲೂ ವ್ಯತ್ಯಾಸ ಇದೆ. ಕೊಬ್ಬರಿ ಎಣ್ಣೆಯ ಲಾರಿಕ್ ಆಮ್ಲದ ಅಣುಗಳು ಚಿಕ್ಕವು, ನೇರವಾದವು. ಕೂದಲಿನ ಒಳಗೆ ಇಳಿಯುತ್ತವೆ. ರೇಲೆ ಮತ್ತು ಮೊಹಿಲೆ ಎಂಬ ಸಂಶೋಧಕರು 2003ರಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಹೋಲಿಸಿ ನೋಡಿದರು. ತೊಳೆಯುವಾಗ ಕೂದಲು ಕಳೆದುಕೊಳ್ಳುವ ಪ್ರೋಟೀನನ್ನು ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಮಾತ್ರ. ಹಾಗಾಗಿ ಅದನ್ನು ತಲೆ ತೊಳೆಯುವ ಮೊದಲು ಉದ್ದದ ಭಾಗಕ್ಕೆ ಹಚ್ಚುವುದು ಒಳ್ಳೆಯದು. ಹರಳೆಣ್ಣೆ, ಶಿಯಾ ಬೆಣ್ಣೆ, ಪೆಟ್ರೋಲಿಯಂ ಜೆಲ್ಲಿ ಹೆಚ್ಚಾಗಿ ಮೇಲೆಯೇ ನಿಂತು ಮುಚ್ಚಳದ ಕೆಲಸ ಮಾಡುತ್ತವೆ. ಅವನ್ನು ಕೊನೆಗೆ, ತೀರಾ ಕಡಿಮೆ ಹಚ್ಚಬೇಕು. ಹರಳೆಣ್ಣೆ ಹಚ್ಚಿದರೆ ಕೂದಲು ಬೇಗ ಬೆಳೆಯುತ್ತದೆ ಅನ್ನುವ ಮಾತಿಗೆ ಗಟ್ಟಿ ಆಧಾರ ಇಲ್ಲ.

ನೆತ್ತಿಗೆ ಎಣ್ಣೆ ಬೇಕೇ? ಹೊಟ್ಟು ಇಲ್ಲದವರಿಗೆ ಸ್ವಲ್ಪ ಹಚ್ಚಿದರೆ ತೊಂದರೆ ಇಲ್ಲ. ಹೊಟ್ಟಿಗೆ ಸಂಬಂಧಪಟ್ಟ ಮಲಸೀಜಿಯಾ ಎಂಬ ಶಿಲೀಂಧ್ರ ಬದುಕುವುದೇ ಕೊಬ್ಬಿನ ಮೇಲೆ. ಹೊಟ್ಟನ್ನು 'ನೆತ್ತಿ ಒಣಗಿದೆ' ಅಂದುಕೊಂಡು ಎಣ್ಣೆ ಹಚ್ಚುತ್ತಾ ಹೋದರೆ ಅದಕ್ಕೆ ನಾವೇ ಊಟ ಬಡಿಸಿದ ಹಾಗಾಯಿತು.

ಲೇಬಲ್ ಓದುವಾಗ

ಪದಾರ್ಥಗಳನ್ನು ಬರೆಯುವುದು ಹೆಚ್ಚು ಇರುವುದರಿಂದ ಕಡಿಮೆ ಇರುವುದರ ಕಡೆಗೆ. ನೂರಕ್ಕೆ ಒಂದು ಭಾಗಕ್ಕಿಂತ ಕಡಿಮೆ ಇರುವವನ್ನು ಯಾವ ಕ್ರಮದಲ್ಲಾದರೂ ಬರೆಯಬಹುದು. ಮಾಯಿಶ್ಚರೈಸರ್ ಅನ್ನುವ ಬಾಟಲಿಯಲ್ಲಿ ಮೊದಲ ಹೆಸರು ನೀರಿನದ್ದಾಗಿರಬೇಕು, ಲೇಬಲ್ಲಿನಲ್ಲಿ ಅದು 'ಆಕ್ವಾ' ಅಂತಲೂ ಇರುತ್ತದೆ. ಅಲ್ಲಿ ಎಣ್ಣೆಯೋ ಪೆಟ್ರೋಲಾಟಮ್ಮೋ (ಪೆಟ್ರೋಲಿಯಂ ಜೆಲ್ಲಿ) ಇದ್ದರೆ ಅದು ಮುಚ್ಚಳ, ತೇವ ಅಲ್ಲ. ಮುಂದೆ ದೊಡ್ಡ ಅಕ್ಷರದಲ್ಲಿ ಅಪರೂಪದ ಎಣ್ಣೆಯ ಹೆಸರು ಹಾಕಿ, ಹಿಂದೆ ಅದು ಪರಿಮಳಕ್ಕಿಂತ ಕೆಳಗೆ ಇದ್ದರೆ ನೀವು ದುಡ್ಡು ಕೊಡುತ್ತಿರುವುದು ಚಿತ್ರಕ್ಕೆ.

ಆಲ್ಕೋಹಾಲ್ ಅನ್ನುವ ಪದ ಕಂಡ ಕೂಡಲೇ ಬಾಟಲಿ ಕೆಳಗಿಡಬೇಡಿ. ಸೆಟೈಲ್, ಸ್ಟಿಯರೈಲ್, ಸೆಟಿಯರೈಲ್ ಆಲ್ಕೋಹಾಲ್ ಮೇಣದಂಥ ಕೊಬ್ಬಿನ ವಸ್ತುಗಳು, ಕೂದಲನ್ನು ಮೆತ್ತಗೆ ಮಾಡುತ್ತವೆ. ಒಣಗಿಸುವುದು ಐಸೊಪ್ರೊಪೈಲ್ ಮತ್ತು ಡಿನೇಚರ್ಡ್ ಆಲ್ಕೋಹಾಲ್. ಸಿಲಿಕೋನ್ ಬಗ್ಗೆಯೂ ಇಷ್ಟೊಂದು ಹೆದರಿಕೆ ಯಾಕೋ ನನಗೆ ತಿಳಿಯದು. ಡೈಮೆಥಿಕೋನ್ ಎಂಬ ಸಿಲಿಕೋನ್ ಎಳೆಗಳ ನಡುವಿನ ತಿಕ್ಕಾಟ ಕಮ್ಮಿ ಮಾಡುತ್ತದೆ, ಶಾಂಪೂ ಹಾಕಿದರೆ ಹೋಗುತ್ತದೆ. ಶಾಂಪೂ ಬಿಟ್ಟವರಿಗೆ ಮಾತ್ರ ಅದು ಪದರ ಪದರವಾಗಿ ಕೂತು ತೊಂದರೆ.

ಗ್ಲಿಸರಿನ್, ಜೇನು, ಲೋಳೆಸರ, ಪ್ಯಾಂಥೆನಾಲ್, ಇವೆಲ್ಲ ನೀರನ್ನು ಎಳೆದು ಹಿಡಿಯುವಂಥವು. ಹದವಾದ ಹವೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ಗಾಳಿಯಲ್ಲಿ ತೇವ ತುಂಬಿದ್ದಾಗ ಕೂದಲು ಉಬ್ಬಿ ಕೆದರುತ್ತದೆ, ಅಂಟಂಟಾಗುತ್ತದೆ. ಒಣ ಚಳಿಯಲ್ಲಿ ಗಾಳಿಯಿಂದ ಎಳೆಯಲು ನೀರೇ ಇಲ್ಲ. ಹವೆ ಬದಲಾದಾಗ 'ಈ ಕ್ರೀಮು ಕೆಲಸ ಮಾಡುವುದು ನಿಲ್ಲಿಸಿತು' ಅನ್ನಿಸಿದರೆ ಗ್ಲಿಸರಿನ್ ಪಟ್ಟಿಯಲ್ಲಿ ಎಷ್ಟು ಮೇಲಿದೆ ನೋಡಿ.

ಇನ್ನು ಪೋರಾಸಿಟಿ, ಅಂದರೆ ಕೂದಲು ನೀರನ್ನು ಎಷ್ಟು ಬೇಗ ಒಳಗೆ ಬಿಟ್ಟುಕೊಳ್ಳುತ್ತದೆ ಅನ್ನುವುದು. ಲೋಟದ ನೀರಿನಲ್ಲಿ ಒಂದು ಕೂದಲು ಹಾಕಿ ಮುಳುಗುತ್ತದೋ ತೇಲುತ್ತದೋ ನೋಡುವ ಪರೀಕ್ಷೆ ನೆಚ್ಚಿಕೊಳ್ಳುವಂಥದ್ದಲ್ಲ. ಕೂದಲಿನ ಮೇಲಿನ ಜಿಡ್ಡು, ಗಾಳಿಗುಳ್ಳೆ, ದಪ್ಪ ಎಲ್ಲವೂ ಫಲಿತಾಂಶ ಕೆಡಿಸುತ್ತವೆ. ತಲೆ ತೊಳೆಯುವಾಗಲೇ ಗಮನಿಸಿ. ನೀರು ಮುತ್ತಿನಂತೆ ನಿಂತು ಜಾರಿ, ಒಣಗಲು ಬಹಳ ಹೊತ್ತು ತೆಗೆದುಕೊಂಡರೆ ಹೊರಪದರ ಬಿಗಿಯಾಗಿದೆ. ಅದಕ್ಕೆ ಹಗುರವಾದ, ತೆಳುವಾದ ಲೀವ್-ಇನ್ ಸಾಕು, ಬೆಣ್ಣೆಯಂಥ ಕ್ರೀಮು ಭಾರವಾಗುತ್ತದೆ. ತಕ್ಷಣ ನೆನೆದು ತಕ್ಷಣ ಒಣಗಿದರೆ ದಪ್ಪ ಕ್ರೀಮೂ ಮುಚ್ಚಳದ ಎಣ್ಣೆಯೂ ಬೇಕು. ಟ್ರಾನ್ಸಿಷನ್ ಮಾಡುತ್ತಿರುವವರ, ಅಂದರೆ ನೇರ ಭಾಗವನ್ನು ನಿಧಾನವಾಗಿ ಕತ್ತರಿಸುತ್ತಿರುವವರ, ಒಂದೇ ಎಳೆಯಲ್ಲಿ ಎರಡೂ ಇರುತ್ತವೆ. ಬುಡಕ್ಕೆ ತೆಳುವಾಗಿ, ತುದಿಗೆ ಧಾರಾಳವಾಗಿ ಹಚ್ಚಿದರೆ ಸರಿ.

ಪ್ರೋಟೀನ್ ಇರುವ ಮಾಸ್ಕುಗಳು ಹಾನಿಯಾದ ತುದಿಗಳಿಗೆ ತಾತ್ಕಾಲಿಕ ಬಲ ಕೊಡುತ್ತವೆ. ಪದೇ ಪದೇ ಹಾಕಿದರೆ ಕೂದಲು ಗರಿಗರಿಯಾಗಿ ಗಡಸು ಅನ್ನಿಸುತ್ತದೆ. ಹಾಗನ್ನಿಸಿದರೆ ಕೆಲವು ವಾರ ನಿಲ್ಲಿಸಿ. ಗಡಸು ನೀರು ಬರುವ ಕಡೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲಿನ ಮೇಲೆ ಕೂತು ಇದೇ ಥರ ಒರಟು ಮಾಡುತ್ತವೆ. ಇಡಿಟಿಎ ಇರುವ ಕೀಲೇಟಿಂಗ್ ಶಾಂಪೂ, ಅಂದರೆ ಈ ಖನಿಜಗಳನ್ನು ಹಿಡಿದು ತೆಗೆಯುವಂಥದ್ದು, ಆಗೊಮ್ಮೆ ಈಗೊಮ್ಮೆ ಹಾಕಿದರೆ ಹೋಗುತ್ತದೆ.

ವಾರದ ಮಿಕ್ಕ ದಿನಗಳು

ದಿನಾ ತಲೆ ನೆನೆಸಬೇಕಿಲ್ಲ. ಎರಡು ಮೂರು ದಿನಕ್ಕೊಮ್ಮೆ, ಅದೂ ಮುಟ್ಟಿದಾಗ ಒರಟು ಅನ್ನಿಸಿದರೆ, ಸ್ಪ್ರೇ ಬಾಟಲಿಯಲ್ಲಿ ನೀರಿಗೆ ಸ್ವಲ್ಪ ಲೀವ್-ಇನ್ ಕಲಸಿ ಚಿಮುಕಿಸಿ, ಅಂಗೈಯಿಂದ ಸವರಿ ಬಿಡಿ. ಎಣ್ಣೆಯನ್ನು ಮತ್ತೆ ಮತ್ತೆ ಸೇರಿಸುತ್ತಾ ಹೋಗಬೇಡಿ, ಭಾರವಾಗಿ ಧೂಳು ಹಿಡಿಯುತ್ತದೆ.

ರಾತ್ರಿ ಮಾತ್ರ ಉದಾಸೀನ ಬೇಡ. ಹತ್ತಿ ದಿಂಬಿನ ಮೇಲೆ ಕೂದಲು ತಿಕ್ಕುತ್ತಲೇ ಇರುತ್ತದೆ, ಹಚ್ಚಿದ್ದರಲ್ಲಿ ಒಂದಿಷ್ಟು ಬಟ್ಟೆಗೇ ಹೋಗುತ್ತದೆ. ಸ್ಯಾಟಿನ್ ಅಥವಾ ರೇಷ್ಮೆಯ ದಿಂಬಿನ ಹೊದಿಕೆಯೋ ಟೋಪಿಯೋ ಸಾಕು. ಕೂದಲನ್ನು ಸಡಿಲವಾಗಿ ಎರಡೆರಡು ಎಳೆ ಹೊಸೆದು ಮಲಗಿದರೆ ಸುರುಳಿಗಳು ಹಿಗ್ಗಿಕೊಂಡಿರುತ್ತವೆ, ಬೆಳಗ್ಗೆ ಸಿಕ್ಕೂ ಕಮ್ಮಿ. ಒಣಗಿದಾಗ ಬಿಗಿ ಸುರುಳಿಯ ಕೂದಲು ಕೆಲವರಲ್ಲಿ ಮುಕ್ಕಾಲು ಪಾಲಿನಷ್ಟು ಕುಗ್ಗಿ ಕಾಣುತ್ತದೆ. 'ಬೆಳೆಯುತ್ತಲೇ ಇಲ್ಲ' ಅಂತ ಎಷ್ಟೋ ಜನ ಬೇಜಾರಾಗುವುದು ಇದನ್ನು ನೋಡಿ. ಕುಗ್ಗುವುದು ಸುರುಳಿಯ ಗುಣ, ರೋಗವಲ್ಲ. ಕುಗ್ಗಿದಾಗ ಎಳೆಗಳು ತಮಗೆ ತಾವೇ ಗಂಟು ಹಾಕಿಕೊಳ್ಳುತ್ತವೆ. ಆ ಗಂಟನ್ನು ಎಳೆಯದೆ, ಅದರ ಮೇಲಕ್ಕೆ ಹರಿತವಾದ ಕತ್ತರಿಯಿಂದ ಕತ್ತರಿಸಿ.

ಕವಲೊಡೆದ ತುದಿಯನ್ನು ಯಾವ ಮಾಯಿಶ್ಚರೈಸರೂ ಮತ್ತೆ ಕೂಡಿಸುವುದಿಲ್ಲ. ನೇರ ಭಾಗವನ್ನು ಎಷ್ಟು ಬೇಗ ಬಿಡುತ್ತೀರೋ ಆರೈಕೆ ಅಷ್ಟು ಸುಲಭವಾಗುತ್ತದೆ. ಪೂರ್ತಿ ಹೋದ ಮೇಲೆ ಮೊದಲು ಬೇಕಾಗಿದ್ದ ದಪ್ಪ ಕ್ರೀಮುಗಳು ಭಾರ ಅನ್ನಿಸಬಹುದು, ಆಗ ಒಂದೊಂದೇ ಕಡಿಮೆ ಮಾಡಿ.

ಎಲ್ಲ ಉದುರುವಿಕೆಗೂ ಒಣಗಿದ್ದೇ ಕಾರಣ ಅಲ್ಲ. ಉದುರಿದ ಕೂದಲಿನ ಬುಡದಲ್ಲಿ ಬಿಳಿ ಗುಬುಟು ಇದ್ದರೆ ಅದು ಬೇರಿನಿಂದ ಬಂದದ್ದು, ದಿನಕ್ಕೆ 50ರಿಂದ 100 ಹೀಗೆ ಹೋಗುವುದು ಸಹಜ. ಗುಬುಟಿಲ್ಲದ ತುಂಡುಗಳು ಮುರಿದವು, ಅದಕ್ಕೆ ಮೇಲೆ ಹೇಳಿದ್ದೆಲ್ಲ ಅನ್ವಯಿಸುತ್ತದೆ. ಹಣೆಯ ಅಂಚಿನಲ್ಲಿ, ಕಿವಿಯ ಮುಂದೆ ತೆಳುವಾಗುತ್ತಿದ್ದರೆ ಬಿಗಿ ಜಡೆ, ಬಿಗಿ ಪೋನಿಟೇಲ್, ಎಕ್ಸ್‌ಟೆನ್ಷನ್ ಇವುಗಳ ಎಳೆತ ಕಾರಣವಾಗಿರಬಹುದು. ಇದಕ್ಕೆ ಟ್ರಾಕ್ಷನ್ ಅಲೋಪೀಶಿಯಾ ಅಂತಾರೆ. ಬೇಗ ಸಡಿಲ ಬಿಟ್ಟರೆ ಕೂದಲು ಮರಳಿ ಬರುತ್ತದೆ, ವರ್ಷಗಟ್ಟಲೆ ಎಳೆದರೆ ಕೂದಲಿನ ಬೇರು ಗಾಯಗೊಂಡು ಮುಚ್ಚಿಹೋಗುತ್ತದೆ. ನೆತ್ತಿಯ ನಡುವೆ ಬೋಳಾಗುತ್ತಿದ್ದರೆ, ಉರಿ, ನೋವು, ಕೀವು ಇದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ಹೋಗುವ ದಿನ ತಲೆಗೆ ಎಣ್ಣೆ, ಕ್ರೀಮು ಹಚ್ಚಬೇಡಿ, ಜಡೆ ಬಿಚ್ಚಿಕೊಂಡು ಹೋಗಿ. ಅವರಿಗೆ ನೆತ್ತಿ ಕಾಣಬೇಕು.